ಬಾಯಕ್ಕ ಹಡದದ್ದು, ಕಾಡವ್ವ ಕೊಂಡದ್ದು

೧೨ ಸಪ್ಟೆಂಬರ ೧೯೧೫, ರವಿವಾರ. ಹೂಲಿ.

ನಿನ್ನೆ ಸವದತ್ತಿಯಿಂದ ನಡಕೊಂತ ಬಂದೆ, ಯಾವಾಗಿನಂಗ. ವಾರಪೂರ್ತಿ ಹುಡುಗರ ಮಗ್ಗಿ ಕೇಳಿ ಕಿವಿ ನೋವು, ಹಾದಿ ನಡದು ಕಾಲ ನೋವು. ಮನ್ಯಾಗ ಒಂದೀಟು ಅಡ್ಡಾಗಬೇಕಂದ್ರ ಕಟ್ಟಿಮ್ಯಾಲೆ ದುರ್ಗಪ್ಪ ಕುಂತಾನ. ನಮ್ಮಕ್ಕ ಬಾಯಕ್ಕನ ಗಂಡ ಪರಸಪ್ಪನ ಕೂಡ ಬೆಳಗಾವಿ ದಂಡಿನಿಂದ ಆಫ್ರಿಕಾದ ಲಡಾಯಿಗೆ ಕುದುರಿ ಕಾಯಾಕ ಹೋದಂವ. ಹದಿನೈದು ವರ್ಷದ ಮ್ಯಾಲೆ ಊರು ನೋಡಾಕ ಬಂದಾನ. ಮೈಮ್ಯಾಲೆ ಕೋಟು, ಕಾಲಾಗ ಬೂಟು. ಮಾತು ಮಾತ್ರ ಅದ ಹಳೇದು.

ಪರಸಪ್ಪ ಡರ್ಬನ್ನಿನ್ಯಾಗ ಸ್ವಂತ ಕುದುರಿ ಲಾಯ ಇಟ್ಟಾನಂತ. ಮಗನ್ನ ಕಳಸು ಅಂದಾನ. ಆದ್ರ ಅಲ್ಲಿ ಸರ್ಕಾರ ಹೊಸಾ ಕಾನೂನು ಮಾಡೇತಿ. ಹುಡುಗಗ ಹದಿನಾರು ತುಂಬೂದರೊಳಗ ಹಡಗ ಇಳದಿರಬೇಕು. ಇವ ಇಂಥವರ ಹೊಟ್ಟಿಲೇ ಇಂಥಾ ತಾರೀಖಿಗೆ ಹುಟ್ಟಿದಂವ ಅಂತ ಇಲ್ಲೀ ಮ್ಯಾಜಿಸ್ಟ್ರೇಟರ ಸಹಿ ಇದ್ದ ಸರ್ಟಿಫಿಕೀಟು ಕೈಯಾಗ ಇರಬೇಕು. ಇಲ್ಲಾಂದ್ರ ಬಂದರದಿಂದನ ಹೊಳ್ಳಿ ಕಳಸ್ತಾರ. ದುರ್ಗಪ್ಪ ಜನವರಿ ಸುರುವಿಗೆ ಹೊಂಟಾನ, ಕೂಡ ಕರಕೊಂಡ ಹೋಗ್ತಾನ. ಈ ಸಲ ತಪ್ಪಿತೋ, ಅಪ್ಪ-ಮಗ ಈ ಜನ್ಮದಾಗ ಕೂಡೂದಿಲ್ಲ.

ಬಾಯಕ್ಕ ಬಾಗಲದ ಹಿಂದ ನಿಂತು ಎಲ್ಲಾ ಕೇಳಿದ್ಳು. ಪರಸಪ್ಪನ ಮಗ ತಿಪ್ಪಣ್ಣ ದುರ್ಗಪ್ಪನ ಬೂಟು ನೋಡಕೊಂತ ಕುಂತಿದ್ದ. ಓಡಾಟ ಎಲ್ಲಾ ನನ್ನ ಕೊರಳಿಗೆ ಬಿತ್ತು. ಮಾಸ್ತರ ಆಗಿದ್ದಕ್ಕ ಇದೊಂದು ಶಿಕ್ಷಾ.

೧೪ ಸಪ್ಟೆಂಬರ. ಸವದತ್ತಿ.

ತಿಪ್ಪಣ್ಣನ ಸಾಲಿ ದಾಖಲೆ ನೋಡಿದೆ. ನೋಡಬಾರದಿತ್ತು. ನಮ್ಮ ಸಾಲ್ಯಾಗ ವಯಸ್ಸಿನ ಲೆಕ್ಕ ಎಲ್ಲಾರಿಗೂ ಗೊತ್ತಿದ್ದದ್ದ — ಬಲಗೈ ತಲಿಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟಿದ್ರ ಆರು ತುಂಬ್ಯಾವ, ಮುಟ್ಟಲಿಲ್ಲಾಂದ್ರ ಮುಂದಿನ ವರ್ಷ ಬಾ. ತಿಪ್ಪಣ್ಣಂದು ಅವರಪ್ಪನಂಗ ಉದ್ದಾನ್ನ ಕೈ. ಐದಕ್ಕನ ಮುಟ್ಟೇತಿ. ಆಗಿನ ಮಾಸ್ತರರು ಆರು ಅಂತ ಬರಕೊಂಡಾರ. ಆ ಲೆಕ್ಕಕ್ಕ ಇವಗ ಹದಿನಾರು ಈಗಾಗಲೇ ತುಂಬಿ ಹೋತು.

ನಾನೂ ಈ ಜೂನದಾಗ ಹಂಗ ಕಿವಿ ಮುಟ್ಟಿಸಿ ಮುಟ್ಟಿಸಿ ಹುಡುಗರನ್ನ ಸೇರಿಸಕೊಂಡೇನಿ. ಮತ್ತೇನ ಮಾಡೂದು.

೨೬ ಸಪ್ಟೆಂಬರ, ರವಿವಾರ. ಹೂಲಿ.

ಗೌಡರ ಮನಿಗೆ ಹೋಗಿ ಊರ ಜನನ ದಾಖಲೆ ತಗಸಿದೆ. ಸಿಕ್ತು. ೨೧ ಫೆಬ್ರುವರಿ ೧೯೦೦, ಗಂಡು. ತಾರೀಖು ಖರೇ ಐತಿ. ತಂದಿ ಸೋಮಪ್ಪ, ತಾಯಿ ಕಾಡವ್ವ.

ಗೌಡ್ರು ನಕ್ಕರು. ನನಗ ನಗಿ ಬರಲಿಲ್ಲ. ಬರದದ್ದು ಗೌಡರ ತಪ್ಪಲ್ಲ, ನಾವ ಹೇಳಿ ಬರಸಿದ್ದು. ಬಾಯಕ್ಕಗ ಇವನ ಮುಂಚೆ ಮೂರು ಕೂಸು ಹುಟ್ಟಿ ಹೋದವು. ಅದಕ್ಕ ಇವ ಪ್ಲೇಗಿನ ಗುಡಸಲದಾಗ ಹುಟ್ಟಿದ ಕೂಡಲೇ ನಮ್ಮವ್ವ ಕೂಸಿನ್ನ ಮೊರದಾಗ ಹಾಕಿ ತಿಪ್ಪಿಮ್ಯಾಲೆ ಇಟ್ಳು. ಬಾಜೂ ಗುಡಸಲದ ಕಾಡವ್ವ ಬಂದು ಒಂದ ಬೊಗಸಿ ತೌಡು ಕೊಟ್ಟು ಕೊಂಡ್ಳು. ಆವತ್ತಿನಿಂದ ಕೊಂಡಾಕಿ ಅವ್ವ. ಹಡದಾಕಿ ಬರೇ ಹಾಲ ಕುಡಸಾಕಿ. ಬಾಯಕ್ಕನ ಕೂಸು ಎಲ್ಲೈತಿ ಅಂತ ಸಾವು ಹುಡುಕ್ಕೊಂತ ಬಂದ್ರ, ಬಾಯಕ್ಕಗ ಕೂಸ ಇಲ್ಲ. ಅವನ ಮದುವಿ ದಿನ ಕಾಡವ್ವನ ಕಡಿಂದ ಹೊಳ್ಳಿ ಕೊಳ್ಳೂತನಕ ಹಡದಾಕಿ 'ನನ್ನ ಮಗ' ಅನ್ನಂಗಿಲ್ಲ, ಅವ ಅಕಿಗೆ 'ಅವ್ವ' ಅನ್ನಂಗಿಲ್ಲ. ನಮ್ಮ ಮನ್ಯಾಗ ಉಣ್ಣತಾನ, ಬಾಯಕ್ಕನ ಬಾಜೂಕ ಮಲಗತಾನ, 'ಬಾಯಕ್ಕ' ಅಂತಾನ. ಕಾಡವ್ವಗ 'ಅವ್ವ' ಅಂತಾನ. ಇದು ಊರಿಗೆಲ್ಲಾ ಗೊತ್ತು, ಅವಗೂ ಗೊತ್ತು. ಯಾರೂ ಬಾಯಿ ಬಿಡೂದಿಲ್ಲ.

ಗೌಡರಿಗೆ ಹೇಳಾಕ ಹೋದಂವ ನಮ್ಮಪ್ಪ. ಸಾವಿಗೆ ಒಂದು ಹೇಳಿ ಸರ್ಕಾರಕ್ಕ ಇನ್ನೊಂದು ಹೇಳಿದ್ರ ಹೆಂಗ ಅಂತ ಸರ್ಕಾರಕ್ಕೂ ಅದನ್ನ ಹೇಳಿ ಬಂದ. ಪುಣ್ಯಾತ್ಮ.

೧೧ ಅಕ್ಟೋಬರ, ಸೋಮವಾರ. ಸವದತ್ತಿ.

ಸಾಲಿಗೆ ಅರ್ಧಾ ದಿನ ರಜಾ ಹಾಕಿ ಕಚೇರಿಗೆ ಹೋದೆ. ಕಾರಕೂನ ಎಲಿ ಅಡಕಿ ಹಾಕ್ಕೊಂಡು ಕುಂತಿದ್ದ. ಎರಡೂ ದಾಖಲೆ ತೋರಿಸಿದೆ.

"ಮಾಸ್ತರ, ನಿಮ್ಮ ಸಾಲಿ ಇವನ ಅಪ್ಪನ್ನ ಸರಿ ಹೇಳತೈತಿ, ವಯಸ್ಸು ತಪ್ಪು ಹೇಳತೈತಿ. ನಿಮ್ಮ ಊರು ವಯಸ್ಸು ಸರಿ ಹೇಳತೈತಿ, ಅಪ್ಪನ್ನ ತಪ್ಪು ಹೇಳತೈತಿ. ನಾ ಯಾವುದನ್ನ ಹಿಡೀಲಿ?"

"ಪ್ಲೇಗಿನ ವರ್ಷ ಹುಟ್ಟಿದ್ದು ಊರಿಗೆ ಗೊತ್ತೈತ್ರಿ. ಸಾಕ್ಷಿ ಕರಕೊಂಡ ಬರತೇನಿ."

"ಯಾವ ಪ್ಲೇಗು? ನಮ್ಮಲ್ಲಿ ವರ್ಷಾ ಬರತೈತಿ. ಇನ್ನ ಬರಾಕ ಹತ್ತೈತಿ."

ಅದೂ ಖರೇನ. ಕಡೀಕ ಅವನೇ ಒಂದು ಹಾದಿ ತೋರಿಸಿದ. ಕೆಟ್ಟ ಮನಶ್ಯಾ ಅಲ್ಲ, ಬ್ಯಾಸತ್ತಾನ, ನನ್ನಂಗ. ಥಂಡಿ ದಿನದಾಗ ಪ್ರಾಂತ ಸಾಹೇಬರು ಊರೂರಿಗೆ ಡೇರೆ ಬಡದು ಮೊಕ್ಕಾಮು ಮಾಡತಾರ, ಅವರ ಮ್ಯಾಜಿಸ್ಟ್ರೇಟರು. ಹಡದಾಕಿ ಖುದ್ದ ಬರಬೇಕು. ಹುಡುಗನ್ನ ಮುಂದ ನಿಲ್ಲಿಸಿ, ಆಣಿ ಮಾಡಿ, 'ಇವ ನನ್ನ ಮಗ, ಇಂಥಾ ದಿನ ಹಡದೇನಿ' ಅಂತ ಬಾಯಿ ಬಿಟ್ಟು ಹೇಳಬೇಕು. ಅಷ್ಟಾದ್ರ ಸಾಹೇಬರು ಸಹಿ ಮಾಡತಾರ.

ಅಷ್ಟಾದ್ರ.

೧೭ ಅಕ್ಟೋಬರ, ರವಿವಾರ. ಹೂಲಿ.

ಬಾಯಕ್ಕಗ ಹೇಳಿದೆ. ರೊಟ್ಟಿ ಬಡಿಯಾಕ ಹತ್ತಿದ್ಳು. ಕೈ ನಿಲ್ಲಿಸಲಿಲ್ಲ.

"ನಾ ಅನ್ನೂದಿಲ್ಲ."

"ಅಕ್ಕಾ, ಒಂದ ಮಾತು. ಸಾಹೇಬರ ಮುಂದ ಒಂದ ಸಲ."

"ಮೂರು ಸಲ ಅಂದೇನಿ. ಮೂರೂ ಹೋದವು."

ನಾ ಶಾಣ್ಯಾ ಅಲ್ಲೇನು, ಕಲತಾಂವ. ಕೂಸು ಸತ್ತದ್ದು ಜ್ವರದಲೇ, ಮಾತಿಲೇ ಅಲ್ಲ ಅಂದೆ. ಇಂಗ್ಲೀಷ ದಾಕ್ತರ ಏನಂತಾರ ಅದನ್ನೂ ಹೇಳಿದೆ. ಅಕಿ ರೊಟ್ಟಿ ಹೊಳ್ಳಿ ಹಾಕಿದ್ಳು. ನನಗ ಸಿಟ್ಟ ನೆತ್ತಿಗೇರ್ತು. ಅನಬಾರದ್ದು ಅಂದೆ — "ಸಾವಿನ ನೆವ ಹೇಳಬ್ಯಾಡ. ಅವನ್ನ ಬಿಡಾಕ ನಿನಗ ಮನಸಿಲ್ಲ. ಮಗನ ಬಾಳೇ ಹಾಳಮಾಡಿ ಮಗ್ಗಲದಾಗ ಇಟ್ಟಕೋ."

ಆಗ ಕೈ ನಿಲ್ತು. ಹಂಚಿನಮ್ಯಾಲಿನ ರೊಟ್ಟಿ ಹೊತ್ತಿ ಹೊಗಿ ತುಂಬಿತು. ಉಣ್ಣದ ಸವದತ್ತಿಗೆ ಹೊಂಟ ಬಂದೆ.

೧೪ ನವೆಂಬರ, ರವಿವಾರ.

ದೀಪಾವಳಿ ಹೋತು. ಬಾಯಕ್ಕ ನನ್ನ ಕೂಡ ಮಾತ ಬಿಟ್ಟಾಳ. ಉಣ್ಣಾಕ ನೀಡತಾಳ, ಅಷ್ಟ. ದುರ್ಗಪ್ಪ ಎರಡ ಸಲ ಕೇಳಿ ಕಳಿಸಿದ್ದ.

ಸವದತ್ತಿಗೆ ಹೊಳ್ಳಿ ಹೊಂಟಾಗ ತಿಪ್ಪಣ್ಣ ಊರ ಅಗಸಿ ಬಾಗಲತನಕ ನನ್ನ ಚೀಲ ಹಿಡಕೊಂಡು ಬಂದ.

"ಮಾವಾ, ಬಾಯಕ್ಕ ಅನ್ನದಿದ್ರ ಬ್ಯಾಡ ಬಿಡ್ರಿ."

"ನಿನಗ ಹೋಗೂ ಆಸೆ ಇಲ್ಲೇನು?"

"ಐತ್ರಿ. ನನಗ ಅಪ್ಪನ ಮಾರೀನ ನೆನಪಿಲ್ಲ, ನಾ ಕೂಸಿದ್ದಾಗ ಹೋದಂವ. ಕುದುರಿನೂ ಅದಾವಂತ." ಚೀಲ ಇನ್ನೊಂದು ಹೆಗಲಿಗೆ ಹಾಕ್ಕೊಂಡ. "ಆದ್ರ ಅಕಿ ರಾತ್ರಿ ಎದ್ದು ನನ್ನ ಮೂಗಿನ ಮುಂದ ಕೈ ಹಿಡದ ನೋಡತಾಳ್ರಿ. ಉಸರ ಐತೋ ಇಲ್ಲೋ ಅಂತ. ಈಗೂ. ನಾ ನಿದ್ದಿ ಮಾಡಿದಂಗ ಮಾಡತೇನಿ."

ಚೀಲ ಇಸಕೊಂಡೆ. ಹಾದಿಪೂರ್ತಿ ನಾ ಆವತ್ತು ಅಂದ ಮಾತ ನೆನಸಕೊಂತ ನಡದೆ.

೨೮ ನವೆಂಬರ, ರವಿವಾರ. ಹೂಲಿ.

ಇವತ್ತ ಕಾಡವ್ವ ಬಂದ್ಳು. ಗಂಡ ಸೋಮಪ್ಪ ತೀರಿದ ಮ್ಯಾಲೆ ಒಬ್ಬಾಕಿನ ಇರತಾಳ. ಬಾಯಿ ದೊಡ್ಡದು, ಅಗಸ್ಯಾಗ ಮಾತಾಡಿದ್ರ ಕೆರಿತನಕ ಕೇಳತೈತಿ. ಬಂದಾಕಿನ ಒಲಿ ಮುಂದ ಬಾಯಕ್ಕನ ಬಾಜೂಕ ಕುಂತ್ಳು.

"ಬಾಯವ್ವಾ, ನೀ ಸಾಹೇಬನ ಮುಂದ ಅನ್ನು. ನೀ ಅನ್ನೂ ಹೊತ್ತಿಗೆ ನಾ ಇಲ್ಲಿ ತಿಪ್ಪಿಮ್ಯಾಲೆ ನಿಂತು, ತಿಪ್ಪಣ್ಣ ನನ್ನ ಮಗ, ನನ್ನ ಮಗ ಅಂತ ಕೂಗತೇನಿ. ಮುಂಜಾನಿ ಸುರು ಮಾಡಿದ್ರ ಹೊತ್ತ ಮುಳುಗೂತನಕ ಕೂಗತೇನಿ. ನಿಂದೊಂದು ಸಣ್ಣ ಮಾತು. ನಂದು ಊರಗಟ್ಟಲೆ ಕೂಗು. ಯಾವುದು ಕೇಳಿಸೀತು ನೀನ ಹೇಳು."

ಬಾಯಕ್ಕ ಒಲ್ಯಾಗಿನ ಕಟಗಿ ಮುಂದ ಸರಿಸಿದ್ಳು. "ಉಪಾಸ ಇರಬೇಕು ನೀ," ಅಂದ್ಳು.

"ಇರತೇನಿ."

"ನೀರೂ ಕುಡೀಬಾರದು. ಕೂಗು ನಡುವ ನಿಂತೀತು."

"ಕುಡಿಯೂದಿಲ್ಲ ಮಾರಾಯ್ತಿ."

ಆಮ್ಯಾಲೆ ಬಾಯಕ್ಕ ನನ್ನ ಕಡೆ ತಿರುಗಿ, ಒಂದೂವರಿ ತಿಂಗಳದ ಮ್ಯಾಲೆ ಮೊದಲನೇ ಮಾತು — "ಮೊಕ್ಕಾಮು ಯಾವಾಗ, ತಮ್ಮಾ?"

ನಾ ಓದಿದ್ದೆಲ್ಲಾ ಅಕಿ ಮುಂದ ಇಟ್ಟಿದ್ದೆ, ಒಂದೂ ನಡೀಲಿಲ್ಲ. ಇರಲಿ. ನನಗ ಸಂತೋಷ ಆಗೇತಿ.

೧೬ ಡಿಸೆಂಬರ, ಬೇಸ್ತವಾರ. ಬೈಲಹೊಂಗಲ.

ಮೊಕ್ಕಾಮು ಇಲ್ಲೇ ಅಂತ ಕಾರಕೂನ ಹೇಳಿದ್ದ. ಚಕ್ಕಡಿ ಹೂಡಿಕೊಂಡು ಬಂದು ನೋಡಿದ್ರ ಇಲ್ಲ. ಡೇರೆ ಬಡದಿದ್ದ ಜಾಗಾದಾಗ ಕುದುರಿ ಲದ್ದಿ ಬಿದ್ದೈತಿ ಅಷ್ಟ. ಸಾಹೇಬರು ನಿನ್ನೇ ಕಿತ್ತೂರಿಗೆ ಹ್ವಾದ್ರಂತ. ಕಾಡವ್ವ ಇವತ್ತ ಮುಂಜಾನಿಂದ ಕೂಗಾಕ ಹತ್ತಿರಬೇಕು. ಪಾಪ. ಊರಿಗೆ ಹೊಂಟ ಒಬ್ಬನ ಕಡೆ ಹೇಳಿ ಕಳಿಸಿದೆ, ಇವತ್ತಲ್ಲ ನಾಡದ ಅಂತ.

ಧರ್ಮಶಾಲಿ ಕಟ್ಟಿಮ್ಯಾಲೆ ಬುತ್ತಿ ಬಿಚ್ಚಿದ್ವಿ. ಬಾಯಕ್ಕ ಉಣ್ಣಲಿಲ್ಲ. ತಿಪ್ಪಣ್ಣಗ ಶೇಂಗಾ ಹಿಂಡಿ ನೀಡಿ ನೀಡಿ ಉಣಿಸಿದ್ಳು. ಎತ್ತೂ ಸೋತಾವ, ನಾನೂ ಸೋತೇನಿ.

೧೮ ಡಿಸೆಂಬರ, ಶನಿವಾರ. ಕಿತ್ತೂರು. ಸಂಜಿ.

ಆತು.

ಮುಂಜಾನಿಂದ ಡೇರೆ ಮುಂದ ಕುಂತಿದ್ವಿ. ಮಧ್ಯಾನಕ್ಕ ಕರದ್ರು. ಸಾಹೇಬರು ಬಿಳಿಯರು, ನಗಡಿ ಹಿಡದಿತ್ತು, ಕರವಸ್ತ್ರ ಮೂಗಿನಿಂದ ತಗೀಲಿಲ್ಲ. ಶಿರಸ್ತೇದಾರ ಕನ್ನಡದಾಗ ಕೇಳತಿದ್ದ. ಬಾಯಕ್ಕ ಮೊದಲು, "ಹುಡುಗ ಹೊರಗ ಹೋಗಲಿ," ಅಂದ್ಳು. ಹಂಗ ಆಗೂದಿಲ್ಲ, ಎದುರಿಗೆ ಇರಬೇಕು ಅಂದ ಶಿರಸ್ತೇದಾರ.

"ಇವ ಯಾರು?"

ಬಾಯಿ ಆಡ್ತು, ದನಿ ಬರಲಿಲ್ಲ.

"ಜೋರಾಗಿ ಹೇಳವಾ. ಸಾಹೇಬರಿಗೆ ಕೇಳಬೇಕು."

ಬಾಯಕ್ಕ ಸೆರಗ ತಲಿಮ್ಯಾಲೆ ಎಳಕೊಂಡ್ಳು. "ನನ್ನ ಮಗ," ಅಂದ್ಳು. "ನನ್ನ ಹೊಟ್ಟಿಲೇ ಹುಟ್ಟಿದಂವ. ಪ್ಲೇಗಿಗೆ ಊರ ಬಿಟ್ಟು ಹೊಲದಾಗ ಗುಡಸಲ ಹಾಕಿದ್ವಿ, ಶಿವರಾತ್ರಿ ಹತ್ರಿತ್ತು, ಕೋಳಿ ಕೂಗೂ ಹೊತ್ತು. ಇವರಪ್ಪ ಅಲ್ಲೇ ಬಾಗಲಾಗ ಕುಂತಿದ್ದ. ಇವ ನಾಕನೇದವ. ಮೊದಲಿನ ಮೂರು—" ಆ ಮೂರೂ ಹೆಸರ ಹೇಳಿದ್ಳು. ಹೆಸರ ಇಟ್ಟಿದ್ಳು ಅಂತ ನನಗೂ ಗೊತ್ತಿರಲಿಲ್ಲ. ಶಿರಸ್ತೇದಾರ ಬರೀತಿದ್ದಾಂವ ಕೈ ನಿಲ್ಲಿಸಿದ. ಸಾಹೇಬರು ಏನೋ ಕೇಳಿದ್ರು, ಅವ ಇಂಗ್ಲೀಷದಾಗ ಹೇಳಿದ. ಸಾಹೇಬರು ಕರವಸ್ತ್ರ ಇಳಿಸಿ ಒಂದ ಸಲ ಬಾಯಕ್ಕನ ಮಾರಿ ನೋಡಿದ್ರು. ಮತ್ತೇನೂ ಕೇಳಲಿಲ್ಲ. ಅಕಿ ಹೆಬ್ಬಟ್ಟು ಒತ್ತಿದ್ಳು.

ತಿಪ್ಪಣ್ಣ ನೆಲಾ ನೋಡಕೊಂತ ನಿಂತಿದ್ದ. ಕಿವಿ ಕೆಂಪಾಗಿದ್ವು.

ಹೊಳ್ಳಿ ಹೋಗಾಕ ಚಕ್ಕಡಿ ಹೂಡೇವಿ. ಬಾಯಕ್ಕ ಅವನ ಹಣಿ ಮುಟ್ಟಿ ಮುಟ್ಟಿ ನೋಡತಾಳ, ಮೈ ಬಿಸಿ ಏನರೆ ಐತೇನೋ ಅಂತ.

೨೭ ಡಿಸೆಂಬರ.

ಸರ್ಟಿಫಿಕೀಟು ಕೈಗೆ ಬಂತು. ಸಹಿ, ಶಿಕ್ಕಾ ಎಲ್ಲಾ ಸರಿ ಐತಿ. ಕಾಡವ್ವನ ದನಿ ಕೂತದ್ದು ಇನ್ನ ಬಂದಿಲ್ಲ, ಕೈಸನ್ನಿಲೇ ಮಾತಾಡತಾಳ. ತಿಪ್ಪಣ್ಣ ಆರಾಮ ಅದಾನ. ಬಾಯಕ್ಕ ಮೊದಲಿನಂಗ 'ಕಾಡವ್ವನ ಮಗ' ಅಂತಾಳ, ಅವ 'ಬಾಯಕ್ಕ' ಅಂತಾನ. ಕಿತ್ತೂರಿನ ಮಾತು ಯಾರೂ ಎತ್ತೂದಿಲ್ಲ.

೫ ಜನವರಿ ೧೯೧೬, ಬುಧವಾರ. ಬೆಳಗಾವಿ ಸ್ಟೇಶನ್. ಮಧ್ಯಾನ.

ರೇಲ್ವೆ ಹೋತು. ಬಾಕಿನಮ್ಯಾಲೆ ಕುಂತು ಬರಿಯಾಕ ಹತ್ತೇನಿ. ಬಾಯಕ್ಕ ಅತ್ಲಾಗ ಗ್ವಾಡಿ ಕಡೆ ಮಾರಿ ಮಾಡಿ ಕುಂತಾಳ.

ದುರ್ಗಪ್ಪ ಸಾಮಾನ ಒಳಗ ಇಟ್ಟ. ತಿಪ್ಪಣ್ಣ ನನಗ ನಮಸ್ಕಾರ ಮಾಡಿದ. ಆಮ್ಯಾಲೆ ಬಾಯಕ್ಕನ ಕಾಲ ಮುಟ್ಟಿದ. ಎದ್ದು ಅಕಿ ಮಾರಿ ನೋಡಿ, ಅಷ್ಟ ಮಂದ್ಯಾಗ, "ಅವ್ವಾ, ಹೋಗಿ ಬರತೇನಿ," ಅಂದ.

ಜನ್ಮದಾಗ ಮೊದಲನೇ ಸಲ.

ಬಾಯಕ್ಕ ಒಂದ ಹೆಜ್ಜಿ ಹಿಂದ ಸರದ್ಳು. ಜೋರ ದನಿಲೇ, ಡಬ್ಬ್ಯಾಗಿನ ಮಂದಿ ಎಲ್ಲಾ ತಿರುಗಿ ನೋಡೂಹಂಗ, "ನಾ ನಿಮ್ಮವ್ವ ಅಲ್ಲ. ನಿಮ್ಮವ್ವ ಕಾಡವ್ವ, ಹೂಲ್ಯಾಗ ಅದಾಳ. ನನಗ ಮಕ್ಕಳಿಲ್ಲ. ನಡಿ, ಹತ್ತು," ಅಂದ್ಳು.

ಹುಡುಗನ ಮಾರಿ ಸಣ್ಣದಾತು. ಹತ್ತಿದ. ದುರ್ಗಪ್ಪ ನನ್ನ ಕಡೆ ನೋಡಿದ, ಇಕಿಗೇನು ತಲಿ ಕೆಟ್ಟೈತೇನು ಅನ್ನೂಹಂಗ. ಗಾಡಿ ಹೊಂಟಾಗ ತಿಪ್ಪಣ್ಣ ಖಿಡಕ್ಯಾಗ ಇದ್ದ. ನಾ ಕೈ ಎತ್ತಿದೆ. ಅಕಿ ತಿರುಗಿ ನೋಡಲಿಲ್ಲ.

ಗಾಡಿ ಕಾಣದಂಗ ಆದಮ್ಯಾಲೆ ಅಂದ್ಳು — "ಹೆಂಗ ಓ ಅನ್ನಲಿ ತಮ್ಮಾ. ಅಷ್ಟ ದೂರ ಹೊಂಟಾನ. ಸಮುದ್ರದ ಮ್ಯಾಲೆ ಕಾಡವ್ವನ ಕೂಗು ಕೇಳೂದಿಲ್ಲ." ಆಮ್ಯಾಲೆ ಅಳಾಕ ಸುರು ಮಾಡಿದ್ಳು. ಇನ್ನ ನಿಂತಿಲ್ಲ.

ಅವಗ ತಿಳದಿರಬೇಕು. ಹದಿನಾರಕ್ಕ ಬಂದ ಹುಡುಗ, ಅಕಿ ಕೈ ಮೂಗಿನ ಮುಂದ ಹಿಡದದ್ದು ಗೊತ್ತಿದ್ದಂವ, ತಿಳದಿರಬೇಕು. ತಿಳದಿರಲಿಲ್ಲಾಂದ್ರ? ಮುಂಬೈ ಬಂದರದಾಗ ಹಡಗ ಹತ್ತೂದರೊಳಗ ಮುಟ್ಟೂಹಂಗ ಇಲ್ಲಿಂದನ ಒಂದ ಕಾರ್ಡು ಹಾಕತೇನಿ. ದೊಡ್ಡದೇನೂ ಬ್ಯಾಡ, ನಾಕ ಸಾಲು. ಹಿಂಗ ಬರದ್ರಾತು —

ಚಿರಂಜೀವ ತಿಪ್ಪಣ್ಣಗ ಮಾವ ಲಗಮಪ್ಪನ ಆಶೀರ್ವಾದ. ನಾವು ಆರಾಮ. ನೀ ಮನಸಿಗೆ ಹಚ್ಚಿಕೊಬ್ಯಾಡ. ಸ್ಟೇಶನ್ದಾಗ ಹಂಗ ಅಂದಾಕಿ ನಿಮ್ಮ —

ಮುಂದಿನ ಮಾತು ಬರಿಯಾಕ ನನಗೂ ಆಗವಲ್ದು.