ಏಳನೆಯವಳ ಜಾಗ

ಬುಧವಾರ, ೧೪ನೇ ತಾರೀಖು

ಪ್ರೀತಿಯ ಅಮ್ಮ,

ಏಳು ಜನರ ಹೊಸ ಮನೆಗೆ ಆರು ಹಾಸಿಗೆಯ ನಕ್ಷೆ ಬರೆದೆ. ಬಿಟ್ಟುಹೋದ ಏಳನೆಯವಳು ನೀನು. ಅದು ಅನ್ಯಾಯ. ಮಾಡಿದವಳು ನಾನು.

ಮೊದಲು ಕ್ಷೇಮ ಸಮಾಚಾರ ಬರೆಯಬೇಕಿತ್ತು, ಗೊತ್ತು. ಎಲ್ಲರೂ ಚೆನ್ನಾಗಿದ್ದೇವೆ. ಪುಟಾಣಿಗೆ ಮೇಲಿನ ಎರಡು ಹಲ್ಲು ಬಂದಿವೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಅಣ್ಣನ ಮೂಗಿನ ಮೇಲೆ ಗುರುತು ಬಿದ್ದಿದೆ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ಈ ಐದು ವಾರದಲ್ಲಿ ನಾಲ್ಕು ಕಾಗದ ಬರೆದು ಹರಿದುಹಾಕಿದ್ದೇನೆ. ನಾಲ್ಕರಲ್ಲೂ ತಪ್ಪು ಬೇರೆ ಯಾರದ್ದೋ ಆಗಿತ್ತು. ಒಂದರಲ್ಲಿ ಅಪ್ಪನದು, ಒಂದರಲ್ಲಿ ಗಾರೆ ಮೇಸ್ತ್ರಿಯದು, ಎರಡರಲ್ಲಿ ಇಡೀ ಸಮಾಜದ್ದು. ಫೋನು ಮಾಡೋಣವೆಂದರೆ ನೀನು "ಊಟ ಆಯ್ತಾ" ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ "ಸರಿ, ಇಡ್ತೀನಿ" ಎನ್ನುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಬರುವುದಿಲ್ಲ.

ಅತ್ತೆಯ ಕಾಲು ಮುರಿದಿದೆ, ನೋಡಿಕೊಳ್ಳಬೇಕು ಎಂದು ನೀನು ಮಾವನ ಮನೆಗೆ ಹೋದೆ. ಪ್ಲಾಸ್ಟರ್ ಬಿಚ್ಚಿ ಹದಿನೈದು ದಿನವಾಯಿತು, ಅತ್ತೆ ಅಂಗಡಿಗೆ ಓಡಾಡುತ್ತಿದ್ದಾಳೆ ಎಂದು ಮಾವನೇ ಹೇಳಿದ. ನೀನು ಯಾಕೆ ಬರುತ್ತಿಲ್ಲ ಎಂದು ಅಪ್ಪ ದಿನಾ ಕೇಳುತ್ತಾರೆ. ನನಗೆ ಗೊತ್ತು. ನಾನು ಹೇಳಿಲ್ಲ.

ಆಗಿದ್ದು ಹೀಗೆ. ಪ್ರೆಸ್ಸಿನಲ್ಲಿ ಹಾಳೆ ಮಡಚುವ ಕೆಲಸದಲ್ಲಿ ಬರುವ ಲಾಭ ಒಂದೇ, ಮಡಚುವ ಮೊದಲು ಓದಬಹುದು. 'ಬೇಕಾದಷ್ಟೇ ಮನೆ' ಎಂಬ ಹದಿನಾರು ಪುಟದ ಪುಸ್ತಿಕೆಯನ್ನು ಎರಡು ಸಾವಿರ ಸಲ ಮಡಚಿದೆ, ಹತ್ತು ಸಲ ಓದಿದೆ. ಗೋಡೆ ಎಂದರೆ ಖರ್ಚು, ಖಾಲಿ ಕೋಣೆ ಎಂದರೆ ಸೊಕ್ಕು, ಬಳಸದ ಜಾಗ ಇನ್ನೊಬ್ಬರಿಂದ ಕಿತ್ತುಕೊಂಡ ಜಾಗ ಎಂದೆಲ್ಲ ಅದರಲ್ಲಿದೆ. ಈಗಲೂ ಅದನ್ನು ನಂಬುತ್ತೇನೆ. ಮನೆಯಲ್ಲಿ ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂದು ಒಂದು ವಾರ ಗಂಟೆಗೊಮ್ಮೆ ಗುರುತಿಸಿ, ದಿನಕ್ಕೆ ಐದು ಗಂಟೆಗಿಂತ ಕಡಿಮೆ ಬಳಕೆಯಾಗುವ ಜಾಗವನ್ನು ನಕ್ಷೆಯಿಂದ ತೆಗೆಯಿರಿ ಎಂಬುದು ಅದರ ವಿಧಾನ.

ಹಳೆ ಮನೆ ಕೆಡವುವ ಮುಂಚಿನ ವಾರ ನಾನು ಪಟ್ಟಿ ಹಿಡಿದು ಓಡಾಡಿದ್ದು ನಿನಗೆ ನೆನಪಿರಬೇಕು. "ಜನಗಣತಿಯೋಳು ಬಂದ್ಲು, ಎಲ್ಲ ಎದ್ ನಿಂತ್ಕೊಳ್ರಪ್ಪ" ಎಂದು ಅಜ್ಜಿ ಗೇಲಿ ಮಾಡುತ್ತಿದ್ದಳು. ಅಜ್ಜಿಯ ಕಾಲಂ ಸುಲಭ, ಕಿಟಕಿ ಪಕ್ಕದ ಮಂಚ. ಅಪ್ಪನದೂ ಸುಲಭ; ಪಂಪ್‌ಹೌಸಿನ ಪಾಳಿ ಮುಗಿಸಿ ಬಂದು ಹಗಲೆಲ್ಲ ಒಳಕೋಣೆಯಲ್ಲಿ ಗೊರಕೆ. ಅಣ್ಣ, ಅತ್ತಿಗೆ, ಪುಟಾಣಿಗೆ ಹಿಂದಿನ ಕೋಣೆ. ನನಗೆ ಅಟ್ಟ. ನಿನ್ನ ಕಾಲಂನಲ್ಲಿ ಮಾತ್ರ ಒಂದೇ ಜಾಗ ಎರಡು ಗಂಟೆ ನಿಲ್ಲಲಿಲ್ಲ. ಅಜ್ಜಿ ಕೆಮ್ಮಿದ ರಾತ್ರಿ ಅವಳ ಮಂಚದ ಕೆಳಗೆ, ಮಗುವಿಗೆ ಜ್ವರ ಬಂದ ರಾತ್ರಿ ಹಿಂದಿನ ಕೋಣೆಯ ಹೊಸ್ತಿಲ ಹತ್ತಿರ, ಉಳಿದ ರಾತ್ರಿ ಅಡುಗೆಮನೆ ನೆಲ, ಅದೂ ನಡುನಡುವೆ ಎದ್ದು. ಗುಂಡಿ ಹೊಲಿಯುವ ನಿನ್ನ ಡಬ್ಬ ಹಿಟ್ಟಿನ ಡಬ್ಬದ ಮೇಲೆ, ಕನ್ನಡಕ ಫ್ಯೂಸಿನ ಪೆಟ್ಟಿಗೆಯ ಮೇಲೆ, ಸೀರೆಗಳು ಅಪ್ಪನ ಟ್ರಂಕಿನಲ್ಲಿ. ಎಲ್ಲ ಕೂಡಿಸಿದೆ. ಯಾವ ಜಾಗಕ್ಕೂ ದಿನಕ್ಕೆ ಐದು ಗಂಟೆ ಬರಲಿಲ್ಲ. ಪುಸ್ತಿಕೆಯ ಲೆಕ್ಕದಲ್ಲಿ ನಿನಗೆ ಜಾಗ ಬೇಕಿರಲಿಲ್ಲ. ಲೆಕ್ಕ ನನ್ನನ್ನು ಕುರುಡಿ ಮಾಡಿತು.

ಆಮೇಲೆ ಆ ಭಾನುವಾರ. ಈಗಿರುವ ಬಾಡಿಗೆ ಮನೆಯ ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಇಡೀ ಮನೆಯನ್ನು ನಿಜವಾದ ಅಳತೆಗೇ ಬರೆದು, ಎಲ್ಲರೂ ಅವರವರ ಜಾಗದಲ್ಲಿ ಮಲಗಿ ನೋಡಿ ಎಂದೆ. ಅಜ್ಜಿ ಮಲಗಿ, "ಏ ಹುಡುಗಿ, ನನ್ನ ಕಾಲು ಗೋಡೆ ದಾಟಿ ಬೀದೀಲಿದೆ ಕಣೇ, ಬಸ್ಸು ಹತ್ತುತ್ತೆ" ಎಂದಳು. ಕೆಳಗಿನ ಸೈಕಲ್ ಅಂಗಡಿಯವನು ಏನು ಗಲಾಟೆ ಎಂದು ಹತ್ತಿ ಬಂದವನು, ಬಿಸಿಲಲ್ಲಿ ಸಾಲಾಗಿ ಬಿದ್ದಿದ್ದ ನಮ್ಮನ್ನು ನೋಡಿ ಹೆದರಿ "ಏನಾಯ್ತು ಸಾರ್, ಆಂಬುಲೆನ್ಸ್ ಕರೀಲಾ?" ಎಂದ. ನಕ್ಕು ನಕ್ಕು ಹೊಟ್ಟೆ ನೋವು ಬಂತು ನಮಗೆ. ನೀನು ಪುಟಾಣಿಯನ್ನು ಎತ್ತಿಕೊಂಡು ಗೆರೆಯ ಆಚೆ ನಿಂತಿದ್ದೆ. ಒಂದು ಗೆರೆಯನ್ನೂ ತುಳಿಯದೆ ಸುತ್ತ ಒಂದು ಸಲ ನಡೆದೆ. "ಚೆನ್ನಾಗಿದೆ" ಎಂದೆ. ಮಾರನೆಯ ದಿನ ಮಾವನ ಮನೆಗೆ ಹೊರಟುಹೋದೆ.

ಆ ನಕ್ಷೆಯನ್ನು ಹರಿದಿದ್ದೇನೆ. ಹೊಸದನ್ನು ಬರೆದಿದ್ದೇನೆ. ಅದಕ್ಕಾಗಿ ಮನೆಯಲ್ಲಿ ಮೂರು ದಿನ ಯುದ್ಧವಾಯಿತು, ಅದನ್ನೂ ಕೇಳು.

ಇಪ್ಪತ್ತು ಮೂವತ್ತರ ಸೈಟಿನಲ್ಲಿ ಇನ್ನೊಂದು ಕೋಣೆ ಎಲ್ಲಿಂದ ಬರಬೇಕು? ಬೀದಿಗೆ ಮುಖ ಮಾಡಿದ ಕೂರುವ ಕೋಣೆಯಿಂದ ಬರಬೇಕು. ನೆಂಟರು ಬಂದರೆ ಇರಲಿ ಎಂದು ಅಪ್ಪ ಹಟ ಹಿಡಿದಾಗ, ನನ್ನ ಸಿದ್ಧಾಂತವನ್ನೆಲ್ಲ ಮಡಚಿಟ್ಟು ಮೊದಲ ನಕ್ಷೆಯಲ್ಲಿ ಅದನ್ನು ಬಿಟ್ಟುಕೊಟ್ಟಿದ್ದೆ. ಏಳು ಅಡಿ, ಒಂಬತ್ತು ಅಡಿ, ಒಂದು ಕಿಟಕಿ. ಈಗ ಅದು ನಿನ್ನದು ಎಂದೆ.

"ಬಂದೋರ ಮುಂದೆ ನಮಗೊಂದು ಮರ್ಯಾದೆ ಬೇಡ್ವೇನೇ?" ಎಂದು ಅಪ್ಪ ಎಗರಾಡಿದರು.

"ಹೋದ ವರ್ಷ ನಮ್ಮನೆಗೆ ಬಂದೋರು ಹನ್ನೊಂದು ಜನ ಅಪ್ಪ. ಜಾಸ್ತಿ ಸಲ ಬಂದೋನು ಕರೆಂಟ್ ಮೀಟರ್ ನೋಡೋನು. ಅವನು ಒಂದು ಸಲಾನೂ ಕೂತಿಲ್ಲ."

"ಅಲ್ವೇ, ಅಮ್ಮ ಅಷ್ಟು ದೊಡ್ಡ ಕೋಣೇಲಿ ಒಬ್ಬಳೇ ಏನ್ ಮಾಡ್ತಾಳೆ?" ಎಂದ ಅಣ್ಣ. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಉತ್ತರ ಕೊಟ್ಟವಳು ಅತ್ತಿಗೆ. ಮಗುವಿಗೆ ತಿನ್ನಿಸುತ್ತಿದ್ದವಳು ತಲೆ ಎತ್ತದೆ, "ಬಾಗಿಲು ಹಾಕ್ಕೊಂಡು ಕೂರ್ತಾರೆ. ಏನೂ ಮಾಡಲ್ಲ. ಅದಕ್ಕೇ ಬೇಕು" ಎಂದಳು. ಅಣ್ಣ ಅವಳ ಕೈಯಿಂದ ಮಗುವಿನ ಬಟ್ಟಲು ತಗೊಂಡ. ಅವರ ಕೋಣೆಯ ಬಗ್ಗೆಯೂ ಇಬ್ಬರೂ ಏನೋ ಮಾತಾಡಿಕೊಂಡಂತಿದೆ. ಮಗುವನ್ನು ರಾತ್ರಿ ಎತ್ತಿ ಆಡಿಸುವುದು ಈಗ ಅವನೇ.

ಕಷ್ಟವಾದದ್ದು ಅಜ್ಜಿಯ ಪ್ರಶ್ನೆ. "ಹಾಗಾದ್ರೆ ನಂಗೆ ರಾತ್ರಿ ನೀರು ಕೊಡೋರು ಯಾರು? ಗೋಡೆನಾ?" ಎಂದಳು. ನಕ್ಕಳು, ಆದರೆ ಹೆದರಿದ್ದಳು ಅಮ್ಮ. ಅವಳ ವಯಸ್ಸಿಗೆ ಅದು ತಮಾಷೆಯ ಮಾತಲ್ಲ. ಹಾಗಾಗಿ ನನ್ನ ಅಟ್ಟವನ್ನು ನಕ್ಷೆಯಿಂದ ತೆಗೆದೆ. ನನ್ನ ಮಂಚ ಅಜ್ಜಿಯ ಮಂಚದ ಪಕ್ಕಕ್ಕೆ ಬಂತು. ಒಂದು ವಾರದಿಂದ ಅಭ್ಯಾಸವನ್ನೂ ಶುರು ಮಾಡಿದ್ದೇನೆ. ಮೊದಲ ರಾತ್ರಿ ಅವಳು ಕರೆದದ್ದು ನನಗೆ ಕೇಳಿಸಲೇ ಇಲ್ಲ. ಬೆಳಿಗ್ಗೆ "ಸತ್ತಿದ್ರೆ ಪೇಪರಲ್ಲಿ ಓದ್ಕೋತಿದ್ಯಾ?" ಎಂದು ಬೈದಳು. ಈಗ ಏಳುತ್ತೇನೆ. ನಾಲ್ಕು ಸಲ ಎದ್ದ ರಾತ್ರಿಯ ಮಾರನೆ ದಿನ ಪ್ರೆಸ್ಸಿನಲ್ಲಿ ಹಾಳೆಗಳನ್ನು ತಲೆಕೆಳಗಾಗಿ ಮಡಚಿದೆ. ಇದನ್ನು ನೀನು ಇಪ್ಪತ್ತೇಳು ವರ್ಷ ಹೇಗೆ ಮಾಡಿದೆ?

ನಿನ್ನ ಕೋಣೆಯೊಳಗೆ ಮೊದಲು ನಾನೇ ಮಂಚ, ಹೊಲಿಗೆಯ ಮೇಜು, ಗೋಡೆಗೊಂದು ಬೀರು ಎಲ್ಲ ಬರೆದೆ. ಚೆಂದ ಕಂಡಿತು. ಆಮೇಲೆ ರಬ್ಬರ್ ತಗೊಂಡು ಅಳಿಸಿದೆ. ನಿನಗೇನು ಬೇಕೆಂದು ಮತ್ತೆ ನಾನೇ ತೀರ್ಮಾನಿಸುತ್ತಿದ್ದೆನಲ್ಲ! ಈಗ ಅದು ಖಾಲಿ ಇದೆ. ಬಾಗಿಲು ಎಲ್ಲಿ, ಚಿಲಕ ಯಾವ ಕಡೆ ಎಂಬುದನ್ನೂ ಬರೆದಿಲ್ಲ. ನೀನು ಹೇಳಬೇಕು. ಕೋಣೆಯೇ ಬೇಡ ಎನ್ನುವ ಹಕ್ಕೂ ನಿನಗಿದೆ. ಆದರೆ ಅದನ್ನು ಮಾವನ ಮನೆಯಲ್ಲಿ ಕೂತು ಹೇಳಬೇಡ, ಸೈಟಿನಲ್ಲಿ ನಿಂತು ಹೇಳು.

ಗಾರೆ ಮೇಸ್ತ್ರಿ ಸೋಮವಾರ, ಇಪ್ಪತ್ತಾರಕ್ಕೆ ಪಾಯ ತೆಗೆಯಲು ಬರುತ್ತಾನೆ. "ಒಂದ್ಸಲ ಅಗೆದ ಮೇಲೆ ಗೋಡೆ ಸರ್ಸು ಅಂದ್ರೆ ನನ್ನ ಕೈಲಾಗಲ್ಲ ತಾಯಿ" ಎಂದು ಈಗಲೇ ಹೇಳಿಬಿಟ್ಟಿದ್ದಾನೆ. ನಮ್ಮಮ್ಮ ಬಂದು ನೋಡುವ ತನಕ ಗುದ್ದಲಿ ಹಾಕಕೂಡದು ಎಂದೆ. "ನಿಮ್ಮಮ್ಮ ಏನು ಎಂಜಿನಿಯರ್ರಾ?" ಎಂದ. "ಅಲ್ಲ, ಆ ಮನೇಲಿ ಇರೋರು" ಎಂದೆ. ತಲೆ ಕೆರೆದುಕೊಂಡು ಹೋದ. ನೀನು ಬಾರದಿದ್ದರೆ ಅವನು ವಾಪಸ್ಸು ಹೋಗಬೇಕಾಗುತ್ತದೆ. ನಾನು ಪಾಯ ಅಗೆಯುವ ಜಾಗದಲ್ಲೇ ಕೂರುತ್ತೇನೆ. ನನ್ನ ಹಟ ನಿನಗೆ ಹೊಸದಲ್ಲ.

ಮಾವನಿಗೆ, ಅತ್ತೆಗೆ ನಮಸ್ಕಾರ ತಿಳಿಸು. ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ "ಬೇಗ ಬಾ, ಈ ಹುಡುಗಿ ಕೈ ತಣ್ಣಗಿದೆ" ಎಂದೂ ಹೇಳಿದ್ದಾಳೆ. ನನ್ನ ತಲೆಯ ಮೇಲೆ ನಿನ್ನ ಕೈಯಿರಲಿ. ಇಡುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಮಗಳು

ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ: ಲೆಕ್ಕ ನನ್ನನ್ನು ಕುರುಡಿ ಮಾಡಿತು ಎಂದು ಮೇಲೆ ಬರೆದೆ. ಅದು ಸುಳ್ಳು. ತಾರಸಿಯ ಹಿಂದಿನ ದಿನ ಪ್ರೆಸ್ಸಿನಲ್ಲಿ ಎಲ್ಲರಿಗೂ ನಕ್ಷೆ ತೋರಿಸಿ ಮೆರೆಯುತ್ತಿದ್ದೆ. ಪ್ರೂಫ್ ತಿದ್ದುವ ಮೇಡಂ ಬೆರಳಿಟ್ಟು ಎಣಿಸಿ, "ಏಳು ಜನ ಅಂತೀಯ, ಆರೇ ಹಾಸಿಗೆ ಇದೆ. ನಿಮ್ಮಮ್ಮ ಎಲ್ಲಿ?" ಎಂದು ಕೇಳಿದರು. ನಾನು ನಗುತ್ತ, "ಅಮ್ಮಂಗೇನು ಮೇಡಂ, ಎಲ್ಲೋ ಒಂದು ಕಡೆ ಬಿದ್ಕೋತಾಳೆ" ಎಂದೆ. ತಿರುಗಿದರೆ ಬಾಗಿಲಲ್ಲಿ ನೀನು. ಮರೆತುಬಂದ ನನ್ನ ಊಟದ ಡಬ್ಬ ತಂದಿದ್ದೆ. ಅದನ್ನು ಹಾಳೆಗಳ ಕಟ್ಟಿನ ಮೇಲಿಟ್ಟು, "ತಣ್ಣಗಾಗೋಕೆ ಮುಂಚೆ ತಿನ್ನು" ಎಂದು ಹೇಳಿ ಹೋದೆ. ನಿನಗೆ ಕೇಳಿಸಲಿಲ್ಲ ಎಂದು ಐದು ವಾರದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಕೇಳಿಸಿತ್ತು. ಇನ್ನೊಂದು ಹತ್ತು ಕೋಣೆ ಕಟ್ಟಿಸಿಕೊಟ್ಟರೂ ಆ ಮಾತು ವಾಪಸ್ಸು ಬರುವುದಿಲ್ಲ. ಅದನ್ನು ನಿನ್ನ ಮುಖ ನೋಡಿಯೇ ಒಪ್ಪಿಕೊಳ್ಳಬೇಕು, ಆಮೇಲೆ ನೀನು ಬೈಯಬೇಕು. ಬೇರೆ ಯಾರನ್ನೂ ಕರೆದಿಲ್ಲ, ನಾವಿಬ್ಬರೇ. ಭಾನುವಾರ, ಇಪ್ಪತ್ತೈದನೇ ತಾರೀಖು, ಬೆಳಿಗ್ಗೆ ಎಂಟು ಗಂಟೆಗೆ, ಸೈಟಿನಲ್ಲಿ.