ಸದ್ದು ಮಾಡದ ಕೆಲಸ

ಸುದ್ದಗುಂಟೆಪಾಳ್ಯ, ಬೆಂಗಳೂರು
ಭಾನುವಾರ, ಆಗಸ್ಟ್ 24, 2025

ಪ್ರೀತಿಯ ಅಪ್ಪನಿಗೆ,

ನಿನ್ನ ಮಗಳು ಕಲ್ಯಾಣಿಯ ಜೈ ಭೀಮ್. ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಮಳೆಗಾಲ ಮುಗಿಯುವ ತನಕ ಭಂತೇಜಿಗಳ ಜೊತೆ ಬುದ್ಧ ವಿಹಾರದಲ್ಲೇ ಇರುತ್ತೇನೆ, ಅಲ್ಲಿ ಫೋನು ಇಟ್ಟುಕೊಳ್ಳುವ ಹಾಗಿಲ್ಲ, ಬೇಕಾದರೆ ಕಾಗದ ಬರಿ ಎಂದು ಹೇಳಿ ನೀನು ಕೊಳ್ಳೇಗಾಲದ ಬಸ್ಸು ಹತ್ತಿದೆ. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ, ಅಂಚೆ ಲಕೋಟೆ ಕೇಳಿದ್ದಕ್ಕೆ ಪೋಸ್ಟ್ ಆಫೀಸಿನಾಕೆ ನನ್ನನ್ನೇ ಒಮ್ಮೆ ನೋಡಿದಳು. ಅಲ್ಲಿ ಮಧ್ಯಾಹ್ನದ ಮೇಲೆ ಊಟವಿಲ್ಲವಂತೆ, ಅದು ಭಂತೇಜಿಗಳಿಗೆ ಮಾತ್ರವೋ ನಿನ್ನಂಥ ಸೇವೆಗೆ ಬಂದವರಿಗೂ ಅದೇ ನಿಯಮವೋ? ಸಕ್ಕರೆ ಕಾಯಿಲೆ ಇಟ್ಟುಕೊಂಡು ಹಸಿದಿರಬೇಡ. ಮುದ್ದೆ ಸಿಗುತ್ತದೆಯೇ ಎಂದು ಅಮ್ಮ ಮೂರು ಸಲ ಬರೆಯಲು ಹೇಳಿದ್ದಾಳೆ, ಒಂದು ಸಲ ಬರೆದಿದ್ದೇನೆ. ವಸಂತಪುರದಲ್ಲಿ ಅಣ್ಣ ಭೀಮೇಶ್, ಅತ್ತಿಗೆ ಚೆನ್ನಾಗಿದ್ದಾರೆ. ಅಮ್ಮ ತುಂಬಾ ಚೆನ್ನಾಗಿದ್ದಾಳೆ. ಎಷ್ಟು ಚೆನ್ನಾಗಿದ್ದಾಳೆ ಅನ್ನುವುದೇ ಈ ಕಾಗದದ ಅರ್ಧ ಕಥೆ.

ಮೊದಲು ನಿನಗೆ ಇಷ್ಟವಾಗುವ ಸುದ್ದಿ. ನಾನು ಎರಡು ವಾರ ಆಫೀಸಿಗೆ ಹೋದೆ. ನಗಬೇಡ, ನಿಜ. ಮಕ್ಕಳ ಪಾಠಗಳನ್ನು ಆಡಿಯೋ ಮಾಡುವ ವಿಜಯಲಕ್ಷ್ಮಿ ಮೇಡಂ ಹೆಸರು ನಿನಗೆ ಗೊತ್ತಲ್ಲ, ನಾನು ಮನೆಯಿಂದ ಓದಿ ಕಳಿಸುವ ಪಾಠಗಳಲ್ಲಿ ಹೆಚ್ಚಿನವು ಅವರವೇ. ಬನಶಂಕರಿಯಲ್ಲಿ ಸ್ಟುಡಿಯೋ ದೊಡ್ಡದು ಮಾಡಿದ್ದಾರೆ. "ಎಷ್ಟು ದಿನ ಅಂತ ಹಿಂಗೆ ಬಿಡಿ ಬಿಡಿಯಾಗಿ ಮಾಡ್ತೀರ ಕಲ್ಯಾಣಿ, ಬಂದು ಸೇರ್ಕೊಳ್ಳಿ, ಎರಡು ವಾರ ನೋಡಿ, ಆಮೇಲೆ ಹೇಳಿ" ಅಂದರು. ಪಿಎಫ್ ಇದೆ, ಕೊರಳಿಗೆ ಹಾಕಿಕೊಳ್ಳುವ ಐಡಿ ಕಾರ್ಡೂ ಇದೆ. ನೀನು ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗಿನ ನಿನ್ನ ಕಾರ್ಡು ಈಗಲೂ ಬೀರುವಿನ ಒಳಬಾಗಿಲಿಗೆ ನೇತಾಡುತ್ತದೆ. ನಿಮ್ಮಮ್ಮ, ನನ್ನ ಅಜ್ಜಿ, ಜಯನಗರದ ಮನೆಗಳ ಹಿಂಬಾಗಿಲಲ್ಲಿ ನಿಂತು ದುಡಿದವಳು. ನಿನಗೆ ಮುಂಬಾಗಿಲಲ್ಲಿ ಹೆಸರು ಹೇಳಿ ಒಳಗೆ ಹೋಗುವ ಕೆಲಸ ಸಿಕ್ಕಿತು. ಹಾಗಿರುವಾಗ ಮಗಳು ಮನೆಯ ಹಿಂದಿನ ಕೋಣೆಯಲ್ಲಿ ಕಂಬಳಿ ಕಟ್ಟಿಕೊಂಡು ದುಡಿಯುವುದು ನಿನಗೆ ಯಾಕೆ ಒಗ್ಗಲಿಲ್ಲ ಎಂದು ನನಗೆ ತಡವಾಗಿಯಾದರೂ ಅರ್ಥವಾಗಿದೆ.

ಆದರೂ ಒಂದು ಮಾತು, ಆ ಹಿಂದಿನ ಕೋಣೆ ನನ್ನನ್ನು ಕಾಪಾಡಿತು. ಮಾರತ್ತಹಳ್ಳಿಯ ಕಾಲ್ ಸೆಂಟರ್ ಬಿಟ್ಟು ಬಂದಾಗ ನಾನು ಹೇಗಿದ್ದೆ ನೆನಪಿದೆಯಾ? ಬೈಸಿಕೊಂಡು ಬೈಸಿಕೊಂಡು, ನನ್ನ ದನಿ ಅಂದರೆ ನನಗೇ ಅಸಹ್ಯವಾಗಿತ್ತು. ಕೋಣೆಯ ನಾಲ್ಕು ಗೋಡೆಗೂ ಕಂಬಳಿ ನೇತುಹಾಕಿ, ಮೈಕಿನ ಮುಂದೆ ಕೂತು ಹೂವಿನ ಭಾಗಗಳ ಪಾಠ ಓದಿದ ದಿನ ದನಿ ನನ್ನದು ಅನ್ನಿಸಿತು. ಬೇಕಾದ ಕೆಲಸ ಒಪ್ಪಿಕೊಂಡೆ, ಮುಖ ಬೆಳ್ಳಗೆ ಮಾಡುವ ಕ್ರೀಮಿನ ಜಾಹೀರಾತು ಬಂದಾಗ ಒಲ್ಲೆ ಅಂದೆ. ಅಮ್ಮನ ಕಣ್ಣಿನ ಆಪರೇಷನ್‌ಗೆ ರಜೆ ಕೊಡಿ ಎಂದು ಯಾರ ಮುಂದೆಯೂ ನಿಲ್ಲಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇಣುಕಿ ನೋಡುವವರು ಇರಲಿಲ್ಲ. ಮೈಕಿಗೆ ನಾನು ಯಾವ ಬೀದಿಯವಳೆಂದು ಗೊತ್ತಾಗುವುದಿಲ್ಲ ಅಪ್ಪಾ. "ಎಷ್ಟು ಸ್ವಚ್ಛವಾದ ಕನ್ನಡ, ತಾವು ಯಾವ ಕಡೆಯೋರು?" ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ "ಬೆಂಗಳೂರಿನೋಳೇ" ಅಂದು ಮುಗಿಸುತ್ತಿದ್ದೆ.

ಕಷ್ಟ ಇರಲಿಲ್ಲ ಅನ್ನುತ್ತಿಲ್ಲ. ನೆಗಡಿ ಬಂದರೆ ಕೆಲಸ ಬಂದ್. ಒಂದು ತಿಂಗಳು ಉಸಿರಾಡಲು ಪುರುಸೊತ್ತಿಲ್ಲ, ಇನ್ನೊಂದು ತಿಂಗಳು ಮೇಲ್ ತೆಗೆದು ತೆಗೆದು ನೋಡುವುದು. ಬೀದಿಯವರ ಪಾರ್ಸೆಲ್ಲುಗಳಿಗೆಲ್ಲ ನಾನೇ ಗೋಡೌನು. ಅಣ್ಣನ ಬ್ಯಾಂಕಿನ ಕೆಲಸ, ಅತ್ತಿಗೆಯ ಆಧಾರ್ ತಿದ್ದುಪಡಿ, ಎಲ್ಲದಕ್ಕೂ "ಕಲ್ಯಾಣಿ ಮನೇಲೇ ಇರ್ತಾಳಲ್ಲ". ನನ್ನನ್ನು ನೋಡಲು ಬಂದ ರಾಮನಗರದ ಗಂಡಿನ ಕಡೆಯವರಿಗೆ ನಮ್ಮ ಚಿಕ್ಕಮ್ಮನೇ "ಹುಡುಗಿ ಕೆಲಸಕ್ಕೆ ಹೋಗಲ್ಲ, ಮನೇಲಿ ಏನೋ ಓದ್ಕೊಂಡಿರ್ತಾಳೆ" ಅಂದುಬಿಟ್ಟಳು, ನಿನಗೆ ಕೋಪ ಬಂದಿತ್ತು. ದಿನವೆಲ್ಲ ಮಾತಾಡಿಯೂ ಯಾರ ಜೊತೆಯೂ ಮಾತಾಡದೆ ಮಲಗುವುದು ಒಂದು ವಿಚಿತ್ರ ಸುಸ್ತು. ಅದನ್ನು ನಿಮ್ಮಿಬ್ಬರಿಗೆ ಹೇಗೆ ಹೇಳಬೇಕೋ ತಿಳಿಯುತ್ತಿರಲಿಲ್ಲ.

ಸರಿ, ಆಫೀಸಿನ ಕಥೆಗೆ ಬರುತ್ತೇನೆ. ನೀನು ಕಾಯುತ್ತಿದ್ದ ಹಳದಿ ಮೆಟ್ರೋ ಶುರುವಾಯಿತು ಅಪ್ಪಾ! ಜಯದೇವದಲ್ಲಿ ಹತ್ತಿ, ಆರ್.ವಿ. ರೋಡಿನಲ್ಲಿ ಬದಲಾಯಿಸಿದರೆ ಬನಶಂಕರಿ. ರೈಲು ಬಲು ಅಪರೂಪಕ್ಕೆ ಬರುತ್ತದೆ, ಆದರೆ ಮೇಲಿನಿಂದ ನಮ್ಮ ಏರಿಯಾ ನೋಡಿದರೆ ಯಾರದೋ ಊರು ಅನ್ನಿಸುತ್ತದೆ. ನೀನು ಬಂದ ಮೇಲೆ ಒಂದು ದಿನ ಸುಮ್ಮನೆ ಕೊನೆಯ ತನಕ ಹೋಗಿ ಬರೋಣ. ಸ್ಟುಡಿಯೋ ಒಳಗೆ ಗಾಜಿನ ಕೋಣೆ, ಬಾಗಿಲು ಹಾಕಿದರೆ ನನ್ನ ಎದೆಬಡಿತ ನನಗೇ ಕೇಳಿಸುವಷ್ಟು ಮೌನ. ಮನೆಯಲ್ಲಾದರೆ ಒಂದು ಪಾಠ ಓದುವಷ್ಟರಲ್ಲಿ ತರಕಾರಿ ಗಾಡಿಯ ಮೈಕು, ನಾಯಿ, ಮೇಲಿನ ಮನೆಯ ಡ್ರಿಲ್ಲಿಂಗು ಎಂದು ಹತ್ತಾರು ಸಲ ನಿಲ್ಲಿಸಬೇಕಿತ್ತು. ಅಲ್ಲಿ ಮೊದಲನೆಯ ದಿನವೇ ಒಂದು ಪುಸ್ತಕದ ಕಾಲುಭಾಗ ಮುಗಿಸಿದೆ. ಖುಷಿಯಾಯಿತು.

ಊಟದ ಹೊತ್ತಿನಲ್ಲಿ ಶಾಂತಲಾ ಎಂಬಾಕೆ ಪಕ್ಕದಲ್ಲಿ ಕೂತಳು. ನನ್ನ ಹಾಗೆಯೇ ಪಾಠ ಓದುವವಳು, ನಗುಮುಖ. ಎಲ್ಲಿ ಮನೆ ಅಂದಳು, ಹೇಳಿದೆ. "ಸುದ್ದಗುಂಟೆಪಾಳ್ಯದಲ್ಲಿ ಎಲ್ಲಿ? ಹೊಸ ಲೇಔಟಾ, ಹಳೇ ಊರೊಳಗಾ?" ಅಂದಳು. "ಹಳೇ ಊರೊಳಗೇ, ನಮ್ ತಾತನ ಕಾಲದಿಂದ" ಅಂದೆ. "ಓ" ಅಂದಳು. ಕೆಟ್ಟವಳಲ್ಲ ಅಪ್ಪಾ, ಮರುದಿನವೂ ಪಕ್ಕದಲ್ಲೇ ಕೂತಳು, ಮೆಟ್ರೋ ತನಕ ಜೊತೆಗೂ ಬಂದಳು. ಡಬ್ಬಿಯಿಂದ ಮಾತ್ರ ಏನನ್ನೂ ಕೊಡಲಿಲ್ಲ, ತೆಗೆದುಕೊಳ್ಳಲೂ ಇಲ್ಲ. ಅದನ್ನು ನಾನು ದೊಡ್ಡದು ಮಾಡಲಿಲ್ಲ. ನಿನಗಲ್ಲದೆ ಇನ್ಯಾರಿಗೂ ಹೇಳಿಲ್ಲ.

ನನ್ನ ತಲೆಯಲ್ಲಿದ್ದ ಚಿಂತೆ ಬೇರೆ. ಅಮ್ಮ ಮನೆಯಲ್ಲಿ ಒಬ್ಬಳೇ. ನೀನಿಲ್ಲ, ನಾನೂ ಇಲ್ಲ. ನಾನು ಮನೆಯಿಂದ ಕೆಲಸ ಮಾಡುವುದೇ ಅವಳಿಗೆ ಆಸರೆ ಎಂದು ಎಷ್ಟು ವರ್ಷದಿಂದ ನಂಬಿಕೊಂಡಿದ್ದೆ ನೋಡು. ದಿನಾ ಮಧ್ಯಾಹ್ನ ಫೋನು ಮಾಡಿದರೆ ಎತ್ತುವುದೇ ಇಲ್ಲ! ಸಂಜೆ ಕೇಳಿದರೆ "ಅಯ್ಯೋ, ಕೇಳಿಸ್ಲಿಲ್ಲ ಕಣೇ" ಅನ್ನುವಳು. ಎರಡನೆಯ ವಾರ ಒಂದು ದಿನ ಬೆಳಿಗ್ಗೆಯಿಂದ ಮಾಡಿದ ಕರೆಗೆಲ್ಲ ಉತ್ತರವಿಲ್ಲ. ಬಚ್ಚಲಲ್ಲಿ ಜಾರಿದಳೋ, ತಲೆ ಸುತ್ತು ಬಂತೋ. ಮೇಡಂಗೆ ಹೇಳಿ, ಆಟೋ ಹಿಡಿದು ಓಡಿಬಂದೆ.

ಬೀದಿಯ ತಿರುವಿನಲ್ಲೇ ಸದ್ದು ಕೇಳಿಸಿತು. ಯಾರ ಮನೆಯದಪ್ಪಾ ಇಷ್ಟು ಗಲಾಟೆ ಅಂದುಕೊಂಡು ಬಂದರೆ, ನಮ್ಮದೇ! ಬಾಗಿಲು ಹಾರು ಹೊಡೆದಿದೆ. ಟೀವಿಯಲ್ಲಿ ಯಾವುದೋ ಸೀರಿಯಲ್ಲು ಅರಚುತ್ತಿದೆ. ಮಿಕ್ಸಿ ತಿರುಗುತ್ತಿದೆ, ಹುಚ್ಚೆಳ್ಳು ಚಟ್ನಿಪುಡಿಯ ಘಮ ಮೆಟ್ಟಿಲ ತನಕ. ಎದುರುಮನೆ ಪಾರ್ವತಮ್ಮ, ಇನ್ನೂ ಇಬ್ಬರು ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ನಡುವೆ ನಮ್ಮಮ್ಮ, ನಿನ್ನ ಯಲ್ಲಮ್ಮ, ಮಿಕ್ಸಿಯ ಸದ್ದಿಗಿಂತ ಎತ್ತರದ ದನಿಯಲ್ಲಿ ಹಾಡುತ್ತಿದ್ದಾಳೆ, ಮದುವೆ ಮನೆಯಲ್ಲಿ ಬೀಗರನ್ನು ರೇಗಿಸುವ ಹಾಡು. ಅವಳಿಗೆ ಆ ಹಾಡು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ನಗು ಬಂತು, ಹೋದ ಜೀವ ಬಂದ ಹಾಗಾಯಿತು.

ಆಮೇಲೆ ಅಮ್ಮ ನನ್ನನ್ನು ನೋಡಿದಳು. ನೋಡಿದ ತಕ್ಷಣ ಒಂದು ಕೈ ಮಿಕ್ಸಿ ಆರಿಸಿತು, ಇನ್ನೊಂದು ಕೈ ತುಟಿಯ ಮೇಲೆ ಬೆರಳಿಟ್ಟಿತು. ಪಾರ್ವತಮ್ಮ ತಾವೇ ಎದ್ದು ಟೀವಿ ಆಫ್ ಮಾಡಿದರು. "ನಡೀರೇ, ಕಲ್ಯಾಣಿ ಬಂದ್ಳು, ರೆಕಾರ್ಡಿಂಗ್ ಇರುತ್ತೆ" ಎಂದು ಪಿಸುಗುಟ್ಟುತ್ತಾ ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದರು. ಚಪ್ಪಲಿ ಕೈಯಲ್ಲಿ ಅಪ್ಪಾ! ಸದ್ದಾಗಬಾರದೆಂದು. ಯಾರೋ ತೀರಿಕೊಂಡ ಮನೆಯ ಹಾಗೆ ಆಗಿಹೋಯಿತು. ನಾನು ಬಾಗಿಲಲ್ಲಿ ಬ್ಯಾಗು ಹಿಡಿದುಕೊಂಡೇ ನಿಂತಿದ್ದೆ.

ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ಮೊದಲು "ಏನಿಲ್ಲ ಬಿಡೇ" ಅಂದಳು. ಆಮೇಲೆ ಒಂದೊಂದಾಗಿ ಬಂತು. ಕುಕ್ಕರ್ ಮೂರನೇ ಕೂಗು ಕೂಗುವ ಮೊದಲೇ ಓಡಿಹೋಗಿ ಆರಿಸುವುದು. ಬೆಳಿಗ್ಗೆ ಐದಕ್ಕೇ ಎದ್ದು ದಿನದ ಮಸಾಲೆಯನ್ನೆಲ್ಲ ರುಬ್ಬಿಟ್ಟುಕೊಳ್ಳುವುದು. ಸೀನು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುವುದು. ಪಾರ್ವತಮ್ಮ ಬಂದರೆ ಬಾಗಿಲಲ್ಲೇ ಸನ್ನೆ ಮಾಡಿ ಕಳಿಸುವುದು. "ಎಲ್ರೂ ಅಂತಾರೆ, ಮಗಳು ಮನೇಲೇ ಕೂತು ದುಡೀತಾಳೆ, ಪುಣ್ಯವಂತೆ ಅಂತ. ನಾನೂ ದುಡೀತಿದ್ದೆ ಕಣೇ. ಸದ್ದು ಮಾಡ್ದೆ ಇರೋ ಕೆಲಸ" ಅಂದಳು. ಕೋಪದಿಂದ ಅಂದಿದ್ದಲ್ಲ, ಹೇಳಿ ನಕ್ಕಳು. ಯಾಕೆ ಇಷ್ಟು ದಿನ ಹೇಳಲಿಲ್ಲ ಅಂದೆ. "ನೀನು ನನ್ನನ್ನ ನೋಡ್ಕೊಳ್ಳಕ್ಕೇ ಮನೇಲಿದ್ದೀಯ ಅನ್ಕೊಂಡಿದ್ದೆ. ಅಂಥೋಳಿಗೆ ಹೆಂಗೆ ಹೇಳದು?" ಅಂದಳು.

ಅವಳಿಗಾಗಿ ನಾನು ಮನೆಯಲ್ಲಿದ್ದೆ, ನನಗಾಗಿ ಅವಳು ಉಸಿರು ಬಿಗಿಹಿಡಿದಿದ್ದಳು. ಮುದ್ದೆ ಕಟ್ಟಲು ಇಟ್ಟ ನೀರು ಕುದಿದು ಕುದಿದು ಅರ್ಧವಾಗುವ ತನಕ ನಾವಿಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು ಅತ್ತೆವೋ ನಕ್ಕೆವೋ ಸರಿಯಾಗಿ ಹೇಳಲಾರೆ. ರಾತ್ರಿ ಊಟಕ್ಕೆ ಕೂತಾಗ ಅವಳು ಗಟ್ಟಿಯಾಗಿ ತೇಗಿದಳು, ಆಮೇಲೆ ನನ್ನ ಮುಖ ನೋಡಿದಳು. ಇನ್ನೊಂದು ಸಲ ತೇಗು ಅಂದೆ.

ಶುಕ್ರವಾರ ಮೇಡಂಗೆ ಉತ್ತರ ಹೇಳಬೇಕಿತ್ತು. ಇಲ್ಲಿ ನಿನಗೆ ಸ್ವಲ್ಪ ಬೇಜಾರಾಗಬಹುದು. ನೌಕರಿ ಬೇಡ ಅಂದೆ. ಬೆಳಿಗ್ಗೆಯಿಂದ ಸಂಜೆಯ ತನಕ ಅವರು ಕೊಟ್ಟಿದ್ದನ್ನೇ ಓದುವುದು ನನ್ನಿಂದಾಗದು, ನನ್ನ ಬೇರೆ ಕೆಲಸಗಳೂ ಇವೆ. ಆದರೆ ಬೆಳಗಿನ ಹೊತ್ತು ಆ ಗಾಜಿನ ಕೋಣೆ ಖಾಲಿ ಇರುತ್ತದೆ. "ಅದನ್ನ ನನಗೆ ಬಿಟ್ಕೊಡಿ, ನಿಮ್ಮ ಪಾಠ ಮೊದಲು ಓದ್ತೀನಿ, ಮಿಕ್ಕ ಹೊತ್ತಲ್ಲಿ ನನ್ನದು ಓದ್ಕೊಳ್ತೀನಿ" ಅಂದೆ. ಮೇಡಂ ಮುಖ ಸಣ್ಣಗಾಯಿತು. ಹೀಗೆ ಒಬ್ಬರಿಗೆ ಮಾಡಿದರೆ ಎಲ್ಲರೂ ಕೇಳುತ್ತಾರೆ ಅಂದರು. ಆಮೇಲೆ, "ನಿಮ್ಮ ದನಿ ಕಳ್ಕೊಳ್ಳಕ್ಕೆ ನಂಗಿಷ್ಟ ಇಲ್ಲ, ಮೂರು ತಿಂಗಳು ನೋಡಣ" ಅಂದರು. ಮೂರು ತಿಂಗಳ ಮೇಲೆ ಏನೆಂದು ನನಗೂ ಗೊತ್ತಿಲ್ಲ. ಕಾರ್ಡು ಇಲ್ಲ ಅಪ್ಪಾ, ಬಾಗಿಲಲ್ಲಿ ಹೆಸರು ಬರೆದು ಒಳಗೆ ಹೋಗಬೇಕು. ಆದರೆ ಮುಂಬಾಗಿಲೇ. ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇನೆ, ಆಮೇಲೆ ಮಾಡುವುದೆಲ್ಲ ಬಿಲ್ಲು, ಮೇಲ್‌ಗಳ ಟೈಪಿಂಗು, ಅದಕ್ಕೆ ಮನೆ ಸುಮ್ಮನಿರಬೇಕಾಗಿಲ್ಲ.

ನಿನ್ನೆ ಹಿಂದಿನ ಕೋಣೆಯ ಕಂಬಳಿಗಳನ್ನು ಕೆಳಗಿಳಿಸಿದೆವು. ಒಗೆದು ತಾರಸಿಯ ಮೇಲೆ ಹಾಕಿದರೆ ಒಂದೇ ಮಳೆಗೆ ಮತ್ತೆ ನೆನೆದವು, ಅಮ್ಮ ಮೋಡವನ್ನೇ ಬೈದಳು. ಕಿಟಕಿ ತೆಗೆದ ಮೇಲೆ ಆ ಕೋಣೆಗೆ ಸಂಜೆಯ ಬಿಸಿಲು ಬರುತ್ತದೆಂದು ತಿಳಿಯಿತು. ಪಾರ್ವತಮ್ಮ ನೋಡಿಕೊಂಡು ಹೋದರು, ಈ ಸಲ ಚಪ್ಪಲಿ ಕಾಲಲ್ಲೇ ಇತ್ತು.

ಭಂತೇಜಿಗೆ ನನ್ನ ವಂದನೆ ತಿಳಿಸು. ಮಾತ್ರೆ ಮರೆಯಬೇಡ, ರಾತ್ರಿ ಸ್ವೆಟರ್ ಹಾಕಿಕೋ. ಅಮ್ಮ ನಿನ್ನನ್ನು ಕೇಳಿದ್ದಾಳೆ ಎಂದು ಬರೆಯಲು ಹೇಳಿ ಒಳಗೆ ಹೋದಳು. ಅವಳ ಪರವಾಗಿಯೂ ನನ್ನ ಪರವಾಗಿಯೂ, ಸುಖವಾಗಿರು ಅಪ್ಪಾ.

ನಿನ್ನ
ಕಲ್ಯಾಣಿ

ತಾ.ಕ.: ಕಾಗದ ಮಡಚುತ್ತಿದ್ದೆ, ಅಮ್ಮ ಬಂದು ಇನ್ನೊಂದು ಮಾತು ಹೇಳಿದಳು. ಅವಸರದಲ್ಲಿ ಅಂಚಿನಲ್ಲಿ ಬರೆಯುತ್ತಿದ್ದೇನೆ. ನಾನು ರೆಕಾರ್ಡಿಂಗ್ ಮಾಡುವಾಗೆಲ್ಲ ನೀನು ಜಯದೇವದ ಬಸ್‌ಸ್ಟಾಪಿನಲ್ಲಿ ಹೋಗಿ ಕೂರುತ್ತಿದ್ದೆಯಂತೆ, ಬಿಸಿಲಲ್ಲೂ. ಡಿಪೋದ ಎಂಜಿನ್ನುಗಳ ನಡುವೆ ಕೂಗಿ ಕೂಗಿ ಬೆಳೆದ ಗಂಟಲು, ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ ನಿನಗೆ. ವಿಹಾರಕ್ಕೆ ಹೊರಟಾಗ "ಹೆಂಗಿದ್ರೂ ಬಾಯಿ ಮುಚ್ಕೊಂಡೇ ಇರ್ಬೇಕು, ಅಲ್ಲಾದ್ರೆ ಪುಣ್ಯನಾದ್ರೂ ಬರುತ್ತೆ" ಎಂದು ಅಮ್ಮನ ಹತ್ತಿರ ಅಂದೆಯಂತೆ. ಅಪ್ಪಾ, ನೀನು ಬುದ್ಧನಿಗಾಗಿ ಹೋಗಿದ್ದರೆ ಮಳೆಗಾಲ ಮುಗಿಯುವ ಹುಣ್ಣಿಮೆಯ ತನಕ ಇದ್ದು ನೆಮ್ಮದಿಯಾಗಿ ಬಾ. ನನ್ನ ಮೈಕಿಗಾಗಿ ಹೋಗಿದ್ದರೆ ಈ ಶನಿವಾರದ ಬಸ್ಸಿಗೇ ಬಾ. ಬೀದಿಯ ತಿರುವಿನಿಂದಲೇ "ಯಲ್ಲೀ" ಎಂದು ಕೂಗು. ನಾಲ್ಕು ಮನೆಗೆ ಕೇಳಿಸಲಿ.