ಎರಡು ಸೀಟಿ

ಹೊಳೆದಂಡೆಯ ಟೆಂಟಿನಿಂದ
ಪ್ರಯಾಣದ ಐದನೇ ದಿನ, ಮಧ್ಯಾಹ್ನ ಊಟವಾದ ಮೇಲೆ

ನನ್ನ ಗುಬ್ಬಿಗೆ ಅಮ್ಮನ ಮುತ್ತುಗಳು.

ಮೊದಲು ಒಂದು ಲೋಟ ನೀರು ಕುಡಿದು ಕೂತುಕೋ. ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ, ವ್ಯಾನಿಗೂ ಒಂದು ಗೀರು ಬಿದ್ದಿಲ್ಲ. ಆದರೆ ಅದನ್ನು ಓಡಿಸುತ್ತಿರುವುದು ನಿನ್ನಪ್ಪ ಅಲ್ಲ, ನಾನು!

ಬೈಯುವುದಕ್ಕೆ ಮುಂಚೆ ಪೂರ್ತಿ ಓದು. ಕಣ್ಣು ತೋರಿಸದೆ ಅಪ್ಪ ಹೊರಡಕೂಡದೆಂದು ನೀನು ಹಟ ಹಿಡಿದಿದ್ದೆಯಲ್ಲ, ಇವರು ಒಬ್ಬರೇ ಡಾಕ್ಟರ ಹತ್ತಿರ ಹೋಗಿ ಬಂದು ಎಲ್ಲ ಸರಿಯಾಗಿದೆಯಂತೆ ಅಂದಿದ್ದರು. ಎರಡನೇ ದಿನ ಕೋಟೆಯ ತಿರುವಿನಲ್ಲಿ ಬಣ್ಣ ಬಯಲಾಯಿತು. ಬೋರ್ಡಿನ ಮೇಲೆ ಮೂರು ಕಿಲೋಮೀಟರ್ ಎಂದು ಆನೆಗಾತ್ರದಲ್ಲಿ ಬರೆದಿದೆ, ಇವರು ಎಂಟು ಎಂದು ಓದಿದರು. ವ್ಯಾನು ಪಕ್ಕಕ್ಕೆ ಹಾಕಿ, "ನಿನ್ನ ಹತ್ರ ಸುಳ್ಳು ಹೇಳ್ದೆ ಕಣೇ, ಗಾಡಿ ಓಡಿಸ್ಬೇಡಿ ಅಂದಿದ್ದಾರೆ ಡಾಕ್ಟ್ರು" ಎಂದು ತಲೆ ತಗ್ಗಿಸಿದರು.

ವಾಪಸ್ ಹೋಗೋಣ ಅನ್ನಲು ಹೊರಟವಳು ಮತ್ತೆ ಕೋಟೆಯ ಬೋರ್ಡಿನ ಕಡೆ ನೋಡಿದೆ. ಇಪ್ಪತ್ತಾರು ವರ್ಷ ಒಂದೇ ಬಸ್ಸಿನಲ್ಲಿ ಅವರು ಡ್ರೈವರು, ನಾನು ಕಂಡಕ್ಟರು. ದಿನಕ್ಕೆ ಎರಡು ಸಲ ಆ ತಿರುವಿನಲ್ಲಿ ಮೂರು ನಿಮಿಷ ನಿಂತಿದ್ದೇ ಬಂತು, ಕೋಟೆಯೊಳಗೆ ಕಾಲಿಟ್ಟವರಲ್ಲ. ಬಾಗಿಲಿಗೆ ಬಂದು ತಿರುಗಿ ಹೋಗುವುದೆ? ಪರ್ಸಿನಿಂದ ಲೈಸೆನ್ಸ್ ತೆಗೆದೆ. ಹೌದು, ನಿನಗೊಬ್ಬಳಿಗೇ ಗೊತ್ತಿದ್ದ, ಎರಡು ವರ್ಷ ಸಕ್ಕರೆ ಡಬ್ಬದ ಅಡಿಯಲ್ಲಿ ಮಲಗಿದ್ದ ಅದೇ ಲೈಸೆನ್ಸ್. ಇವರಿಗೆ ಸ್ಟೀರಿಂಗ್ ಅಂದರೆ ಹಲ್ಲುಜ್ಜುವ ಬ್ರಷ್ ಇದ್ದ ಹಾಗೆ, ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಓಡಿಸುವ ಆಸೆ ಹೇಳಿದರೆ ಎಲ್ಲಿ ನಗುತ್ತಾರೋ ಎಂದು ಮುಚ್ಚಿಟ್ಟಿದ್ದೆ.

ಯಾವಾಗ ಕಲಿತೆ, ಎಲ್ಲಿ ಕಲಿತೆ, ಒಂದು ಮಾತೂ ಕೇಳಲಿಲ್ಲ. ಕೀ ಕೊಟ್ಟು ಪಕ್ಕದ ಸೀಟಿಗೆ ಸರಿದರು. ನನ್ನ ಬ್ಯಾಗಿನಿಂದ ಹಳೆಯ ಸೀಟಿ ಹುಡುಕಿ ತೆಗೆದು, ಅಷ್ಟು ವರ್ಷ ನಾನು ಅವರಿಗೆ ಊದಿದಂತೆಯೇ, ಹೊರಡು ಎಂದು ಎರಡು ಸಲ ಊದಿದರು. ನನಗೆ ನಗುವೂ ಬಂತು, ಅಳುವೂ ಬಂತು. ವ್ಯಾನು ಮಾತ್ರ ಎರಡು ಸಲ ಆಫ್ ಆಯಿತು.

ಕೋಟೆಯಲ್ಲಿ ಮೂರು ಗಂಟೆ ಇದ್ದೆವು. ಫಿರಂಗಿಯ ಮೇಲೆ ಕೂತು ಬ್ರೆಡ್ಡು ತಿಂದು ಕಾವಲುಗಾರನಿಂದ ಬೈಸಿಕೊಂಡೆವು. ಬುರುಜಿನ ತುದಿಯಿಂದ ಇವರು ದೂರದ ರಸ್ತೆಯಲ್ಲಿ ಇರುವೆಯಷ್ಟು ಕಾಣುತ್ತಿದ್ದ ಬಸ್ಸನ್ನು ತೋರಿಸಿ, ಹಿಂದಿನ ಟೈರಿಗೆ ಗಾಳಿ ಕಮ್ಮಿ ಅಂದರು. ಹಳೇ ಚಾಳಿ, ಬಾಯಿಗೆ ಬಂದದ್ದು ಹೇಳಿದರು ಅಂದುಕೊಂಡೆ. "ಜಲಪಾತ ಯಾರ್ರೀ, ಇಳೀರಿ" ಎಂದು ಇಪ್ಪತ್ತಾರು ವರ್ಷ ಕೂಗಿದವಳು ನಿನ್ನೆ ನಾನೇ ಇಳಿದೆ ಗುಬ್ಬಿ! ಚಪ್ಪಲಿ ನೀರುಪಾಲಾಯಿತು, ಹೋಗಲಿ ಬಿಡು.

ಇವತ್ತು ಗುಹೆಗಳನ್ನು ನೋಡಿಕೊಂಡು ಇಳಿಯುವಾಗ ಒಂಬತ್ತು ತಿರುವು. ಬೇರೆಯವರ ಗಾಡಿಯಲ್ಲಿ ರೆಪ್ಪೆ ಮುಚ್ಚದ ಮನುಷ್ಯ ನನ್ನ ಪಕ್ಕದಲ್ಲಿ ಗೊರಕೆ ಹೊಡೆದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ. ಊರಿಗೆ ಬಂದ ಮೇಲೆ ಒಳ್ಳೆಯ ಕಣ್ಣಿನ ಡಾಕ್ಟರಿಗೆ ತೋರಿಸೋಣ. ಆ ಚಿಂತೆಯೊಂದು ಬಿಟ್ಟರೆ ನಿನ್ನಮ್ಮ ಬಹಳ ಖುಷಿಯಾಗಿದ್ದಾಳೆ.

ಇಂತು, ನಿನ್ನೆಮೊನ್ನೆಯವರೆಗೆ ಕಂಡಕ್ಟರಮ್ಮ, ಈಗ ಡ್ರೈವರಮ್ಮ ಆಗಿರುವ
ನಿನ್ನ ಅಮ್ಮ

ವಿ. ಸೂ.: ಅಂಚೆಚೀಟಿಗಾಗಿ ವ್ಯಾನಿನ ಡ್ರಾಯರ್ ಎಳೆದರೆ ಕಣ್ಣಿನ ಡಾಕ್ಟರ ಚೀಟಿ ಸಿಕ್ಕಿತು. ಹೊರಡುವ ಹಿಂದಿನ ದಿನದ್ದು. ಎರಡೂ ಕಣ್ಣಿನ ದೃಷ್ಟಿ ಚೆನ್ನಾಗಿದೆ, ವಾಹನ ಓಡಿಸಲು ಅಡ್ಡಿಯಿಲ್ಲ ಎಂದು ಬರೆದಿದೆ. ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗೆ ಸಕ್ಕರೆ ಡಬ್ಬ ಎತ್ತುವವರು ಯಾರೆಂದು ನನಗೆ ಈಗ ನೆನಪಾಯಿತು. ಚೀಟಿಯನ್ನು ಇದ್ದ ಹಾಗೇ ಮಡಚಿ ಇಟ್ಟಿದ್ದೇನೆ. ನೀನೂ ಬಾಯಿ ಬಿಡಬೇಡ. ಇನ್ನೂ ಆರು ದಿನದ ದಾರಿಯಿದೆ, ನಾನೇ ಓಡಿಸಬೇಕು.